ಎರಡನೇ ಓದು

ಪತ್ರ ಎರಡೇ ಸಾಲಿನದು. ಅದನ್ನು ಬರೆಯಬೇಕಾದ ದುಂಡಪ್ಪ ಮೂವತ್ತು ವರ್ಷದಿಂದ ಕಡಲಿನ ಸಣ್ಣ ಮೀನುಗಳ ಮೇಲೆ ಉದ್ದುದ್ದ ವರದಿ ಬರೆದವನು, ಎರಡು ಸಾಲಿಗೆ ಹೆದರುವ ಆಸಾಮಿಯಲ್ಲ. ಆದರೂ ಬೆಳಿಗ್ಗೆ ಎದ್ದಾಗಿನಿಂದ ಆ ಎರಡು ಸಾಲು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಿದ್ದವು. 'ಮೀನುಗಳ ವಯಸ್ಸನ್ನು ನಾನು ಸ್ವತಂತ್ರವಾಗಿ ಓದಿದ್ದೇನೆ. ಎರಡನೇ ಓದುಗರು ತಮ್ಮ ಸಂಖ್ಯೆಗಳನ್ನು ಹೇಗೆ ಪಡೆದರೆಂಬುದು ನನಗೆ ತಿಳಿದಿಲ್ಲ.' ಅನಂತರಾಮು ಅವನ ಮೇಲಧಿಕಾರಿ, ವಯಸ್ಸಿನಲ್ಲಿ ನಾಲ್ಕು ವರ್ಷ ಚಿಕ್ಕವನು. ನಿನ್ನೆ ಸಂಜೆ ಈ ವಾಕ್ಯಗಳನ್ನು ತಾನೇ ಹೇಳಿಕೊಟ್ಟು, "ಇಷ್ಟು ಬರ್ದು ಸೈನ್ ಮಾಡ್ಬಿಡಿ ಸಾರ್, ನಾಳೆ ನಾಲ್ಕು ಗಂಟೆಗೆ ಮಂಗಳೂರಿಗೆ ಫ್ಯಾಕ್ಸ್ ಮಾಡ್ತೀನಿ. ನಿಮ್ಮ ತಲೆಗೆ ಬರಲ್ಲ" ಎಂದಿದ್ದ. ಮೊದಲ ಸಾಲು ಸುಳ್ಳು. ಎರಡನೆಯದು ಅದಕ್ಕಿಂತ ದೊಡ್ಡ ಸುಳ್ಳು. ಆ ಸುಳ್ಳಿಗೆ ಸಹಿ ಬಿದ್ದರೆ ತಿಂಗಳ ಕೊನೆಗೆ ಆ ಎರಡನೇ ಓದುಗರಾದ ಭಾಗ್ಯಜ್ಯೋತಿ ಎಂಬ ಇಪ್ಪತ್ತಾರು ವರ್ಷದ ಹುಡುಗಿಯ ಕೆಲಸ ಹೋಗುತ್ತದೆ, ಮೋಸ ಮಾಡಿದವಳು ಎಂಬ ಹೆಸರು ಮಾತ್ರ ಅವಳ ಜೊತೆಗೆ ಉಳಿಯುತ್ತದೆ.

"ಗುಳಿಗಿ ತಗೊಂಡ್ರೇನ್ರಿ?" ಹೆಂಡತಿ ಶಿವವ್ವ ಒಳಗಿನಿಂದ ಕೇಳಿದಳು. ಹೂಂ ಎಂದ. "ಅರ್ಧ ತಾಸಿನಿಂದ ಪೇಪರ್ ಹಿಡಕೊಂಡು ಕುಂತೀರಿ, ಒಂದ ಸುದ್ದಿನೂ ಹೇಳಲಿಲ್ಲ" ಎಂದಳು. ಮೊದಲೆಲ್ಲ ಅವನು ಪೇಪರನ್ನು ಜೋರಾಗಿ ಓದಿ ಹೇಳುತ್ತಿದ್ದ, ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಈಗ ದಪ್ಪ ಅಕ್ಷರದ ತಲೆಬರಹಗಳಷ್ಟೇ ಅವನ ಪಾಲಿಗೆ ಉಳಿದಿದ್ದವು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಭಾಗಕ್ಕೆ ಇಳಿದಿದೆ ಎಂದು ಜಯನಗರ ನಾಲ್ಕನೇ ಬ್ಲಾಕಿನ ಕಣ್ಣಿನ ಡಾಕ್ಟರು ಹೇಳಿ ಒಂಬತ್ತು ತಿಂಗಳಾಗಿತ್ತು. ಹೆಂಡತಿಗೆ ಕನ್ನಡಕದ ನಂಬರು ಹೆಚ್ಚಾಗಿದೆ ಎಂದಷ್ಟೇ ಹೇಳಿದ್ದ. ಆಫೀಸಿನಲ್ಲಿ ಅದನ್ನೂ ಹೇಳಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಅನ್ನ ತಿನ್ನುವವನು ಕಣ್ಣು ಹೋಗುತ್ತಿದೆ ಎಂದು ಯಾವ ಬಾಯಿಂದ ಹೇಳುತ್ತಾನೆ? ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು.

ಗೇಟಿನಲ್ಲಿ ಮನೆ ಮಾಲೀಕ ಚಿಕ್ಕಬೈರಪ್ಪ ಸ್ಕೂಟರ್ ಒರೆಸುತ್ತಿದ್ದ. ಬಿ.ಟಿ.ಎಂ. ಲೇಔಟ್ ಆಗುವ ಮೊದಲು ಈ ಬೀದಿಯೆಲ್ಲ ಅವರಪ್ಪನ ರಾಗಿ ಹೊಲ. ಈಗ ಅದೇ ನೆಲದ ಮೇಲೆ ಮೂರು ಮಹಡಿ ಎಬ್ಬಿಸಿ, ಆರು ಬಾಡಿಗೆ ಮನೆ ಇಟ್ಟುಕೊಂಡು ಆರಾಮಾಗಿದ್ದ. "ಏನ್ ಸಾರ್, ಮೀನಾಫೀಸರ್ನ ಮನೇಲಿಟ್ಕೊಂಡು ನಾವು ಮಡಿವಾಳ ಮಾರ್ಕೆಟ್‌ನಲ್ಲಿ ಕ್ಯೂ ನಿಲ್ಬೇಕು. ನ್ಯಾಯಾನಾ ಇದು?" ಎಂದ. ಆರು ವರ್ಷದಿಂದ ಇದೇ ತಮಾಷೆ. ನಮ್ಮ ಆಫೀಸಿನಲ್ಲಿ ಮೀನಿಲ್ಲ ಮಾರಾಯ, ಮೀನಿನ ಕಿವಿಯೊಳಗಿನ ಕಲ್ಲು ಮಾತ್ರ ಇರುವುದು ಎಂದು ಮೊದಮೊದಲು ದುಂಡಪ್ಪ ವಿವರಿಸಿದ್ದುಂಟು. ಚಿಕ್ಕಬೈರಪ್ಪ ನಂಬಿರಲಿಲ್ಲ. ಲಿಂಗವಂತರ ಮನುಷ್ಯ, ಮೀನು ತಿನ್ನೋದಿಲ್ಲ, ಮೀನಿನ ಆಫೀಸಿನಲ್ಲಿ ದುಡೀತಾನೆ, ಆ ಆಫೀಸಿನಲ್ಲಿ ಮೀನೂ ಇಲ್ಲ ಅಂದರೆ ಯಾರು ತಾನೇ ನಂಬುತ್ತಾರೆ? "ಇವತ್ತು ಯಾಕೋ ಮುಖ ಸಣ್ಣಗಿದೆ ಸಾರ್" ಎಂದು ಚಿಕ್ಕಬೈರಪ್ಪ ಒರೆಸುವ ಬಟ್ಟೆ ಕೊಡವಿದ. ಶುಗರ್ರು ಎಂದು ದುಂಡಪ್ಪ ಮುಂದೆ ನಡೆದ. ಆ ಒಂದು ಮಾತಾದರೂ ನಿಜವಾಗಿತ್ತು.

ಆಷಾಢದ ಗಾಳಿ ರಸ್ತೆಯ ಧೂಳನ್ನೆಲ್ಲ ಎತ್ತಿ ಬಸ್ ಸ್ಟಾಪಿಗೆ ತಂದು ಸುರಿಯುತ್ತಿತ್ತು. ಬಸ್ಸು ಬಂತು. ಬೋರ್ಡಿನ ಮೇಲಿನ ಅಂಕಿಗಳು ಒಂದರೊಳಗೊಂದು ಕಲಸಿಕೊಂಡು ನಿಂತವು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯನ್ನು, "ಯಾವ ಬಸ್ಸಮ್ಮ ಇದು?" ಎಂದು ಕೇಳಿದ. "ಅಲ್ಲೇ ಬರ್ದಿದೆಯಲ್ಲಾ ಅಂಕಲ್" ಎಂದ ಅವಳು ಮರುಕ್ಷಣ ಅವನ ಮುಖ ನೋಡಿ, ಓದು ಬಾರದವನೆಂದುಕೊಂಡಳೋ ಏನೋ, "ಜಯನಗರಕ್ಕೆ ಹೋಗತ್ತೆ, ಹತ್ತಿ ಹತ್ತಿ" ಎಂದು ದನಿ ಮೆತ್ತಗೆ ಮಾಡಿದಳು. ಆ ಮೆತ್ತಗಾದ ದನಿ ಅವನನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಡಾಕ್ಟರೇಟ್ ಮಾಡಿದವನಮ್ಮ ನಾನು ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಮುಂದಿನ ಸೀಟಿನ ಕಂಬಿ ಹಿಡಿದು ಕೂತ. ಬೂತಾಯಿ ಮೀನಿನ ಮರಿಯ ಕಿವಿಕಲ್ಲು ರವೆಯ ಕಾಳಿಗಿಂತ ಸಣ್ಣದು. ಅದನ್ನು ತೇಯ್ದು, ಗಾಜಿನ ಮೇಲೆ ಅಂಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಉಂಗುರಗಳು ಕಾಣುತ್ತವೆ, ದಿನಕ್ಕೊಂದರಂತೆ. ಅರವತ್ತು ಉಂಗುರವೆಂದರೆ ಆ ಮರಿ ಹುಟ್ಟಿ ಅರವತ್ತು ದಿನ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಕಡಲಿನಲ್ಲಿ ಮರಿಗಳು ಯಾವ ವಾರ ಹುಟ್ಟಿದವೆಂದು ತಿಳಿಯುತ್ತದೆ, ಆ ವಾರಗಳಲ್ಲಿ ಬಲೆ ತಡೆಯಿರಿ ಎಂದು ಹೇಳಬಹುದು. ಕಡಲು ಮುನ್ನೂರೈವತ್ತು ಕಿಲೋಮೀಟರ್ ದೂರ. ಕಲ್ಲುಗಳು ಮಾತ್ರ ಪುಟ್ಟ ಸೀಸೆಗಳಲ್ಲಿ ಬಸ್ಸಿನ ಪಾರ್ಸೆಲಿನಲ್ಲಿ ಮಂಗಳೂರಿನಿಂದ ಬರುತ್ತಿದ್ದವು. ಒಳ್ಳೆಯ ಸೂಕ್ಷ್ಮದರ್ಶಕವನ್ನು ಯಾರೋ ಪುಣ್ಯಾತ್ಮರು ಬೆಂಗಳೂರಿಗೆ ಮಂಜೂರು ಮಾಡಿದ್ದರು.

ಒಬ್ಬರ ಕಣ್ಣನ್ನು ನಂಬುವಂತಿಲ್ಲ. ಅದಕ್ಕೇ ಪ್ರತಿ ಕಲ್ಲನ್ನೂ ಇಬ್ಬರು ಓದಬೇಕು, ಒಬ್ಬರ ಸಂಖ್ಯೆ ಇನ್ನೊಬ್ಬರು ನೋಡಕೂಡದು. ಎರಡು ದಿನದ ಅಂತರದೊಳಗೆ ಬಂದರೆ ಹೊಂದಿತು ಎಂದು ಲೆಕ್ಕ. ಈ ಮಡಿಯನ್ನು ಭಾಗ್ಯಜ್ಯೋತಿಗೆ ಕಲಿಸಿದವನು ದುಂಡಪ್ಪನೇ. ಮೊದಲು ಅವಳು ಓದುವಳು, ಪಟ್ಟಿಯನ್ನು ಅವನ ಮೇಜಿನ ಡ್ರಾಯರಿನಲ್ಲಿ ಮುಗುಚಿ ಇಡುವಳು. ಆಮೇಲೆ ಅವನು ಓದುವನು. ಹೋದ ದೀಪಾವಳಿಯ ಹಿಂದುಮುಂದಿನ ಒಂದು ಮಧ್ಯಾಹ್ನ ಒಂದು ಕಲ್ಲು ಎಷ್ಟು ತಿರುಗಿಸಿದರೂ ಬಿಟ್ಟುಕೊಡಲಿಲ್ಲ. ಉಂಗುರಗಳು ಹಾಲಿನ ಕೆನೆಯ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಸುಮ್ಮನೆ, ನೋಡೋಣ ಎಂದು ಡ್ರಾಯರ್ ಎಳೆದ. ಐವತ್ತನಾಲ್ಕು ಎಂದಿತ್ತು. ಮತ್ತೆ ಬಗ್ಗಿ ನೋಡಿದ. ಆಶ್ಚರ್ಯವೆಂದರೆ ಈಗ ಕಂಡವು. ಐವತ್ತನಾಲ್ಕೂ ಕಂಡವು. ಸಂಖ್ಯೆ ಗೊತ್ತಾದ ಮೇಲೆ ಕಣ್ಣು ಅದನ್ನು ಒದಗಿಸಿಕೊಡುತ್ತದೆ ಎಂದು ಅವನಿಗೆ ಅವತ್ತೇ ತಿಳಿಯಿತು, ಮತ್ತು ಅವತ್ತೇ ಅವನು ಅದನ್ನು ತಿಳಿಯದವನ ಹಾಗೆ ಇರಲು ಶುರುಮಾಡಿದ. ಜನವರಿಯ ಹೊತ್ತಿಗೆ ಕಣ್ಣು ಅಷ್ಟನ್ನೂ ಒದಗಿಸಲಿಲ್ಲ. ಆಗ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಇಲ್ಲೊಂದು ಕೂಡಿಸಿ, ಅಲ್ಲೊಂದು ಕಳೆದು ಬರೆದ. ಅನುಮಾನ ಬಾರದಿರಲೆಂದು ಅಪರೂಪಕ್ಕೊಮ್ಮೆ ಐದೋ ಆರೋ ದೂರ ಹೋದ. ಅದರಲ್ಲೂ ಜಿಪುಣತನ ಮಾಡಿದ. ಆರುನೂರ ನಲವತ್ತು ಮೀನುಗಳಲ್ಲಿ ಆರುನೂರ ಇಪ್ಪತ್ತು ಹೊಂದಿಬಿಟ್ಟವು.

ಮಂಗಳೂರಿನ ಗಿರಿಜಾದೇವಿ ಎಂಬವರು ಈ ಎಣಿಕೆಗಳ ತನಿಖೆ ಮಾಡುವವರು, ಅವನು ಮುಖ ನೋಡಿದವರಲ್ಲ. ಐವತ್ತು ಕಲ್ಲುಗಳನ್ನು ತಾವೇ ಓದಿ ನೋಡಿ ಬಹಳ ಮರ್ಯಾದೆಯಿಂದ ಪತ್ರ ಬರೆದಿದ್ದರು. ಸಂಖ್ಯೆಗಳು ಬಹುಮಟ್ಟಿಗೆ ಸರಿಯಾಗಿಯೇ ಇವೆ. ಆದರೆ ನೂರಕ್ಕೆ ತೊಂಬತ್ತೇಳು ಹೊಂದಿಕೆ ಒಬ್ಬರೇ ಎರಡು ಸಲ ಓದಿದರೂ ಬರುವುದಿಲ್ಲ. ಒಬ್ಬ ಓದುಗರು ಇನ್ನೊಬ್ಬರ ಪಟ್ಟಿ ನೋಡಿ ಬರೆದಿರಬಹುದೇ, ದಯವಿಟ್ಟು ತಿಳಿಸಿ. ಅನಂತರಾಮು ಆ ಕಾಗದ ಓದಿ ಒಂದು ನಿಮಿಷವೂ ಯೋಚಿಸಲಿಲ್ಲ. ಆಫೀಸಿನ ಪದ್ಧತಿಯಂತೆ ಹಿರಿಯರ ಹೆಸರು ಮೊದಲ ಕಾಲಂನಲ್ಲಿ, ಕಿರಿಯರದು ಎರಡನೆಯದರಲ್ಲಿ. ಯಾರು ಮೊದಲು ಓದಿದರೆಂದು ಆ ಪಟ್ಟಿ ಹೇಳುವುದಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಒಂದನೇ ಓದು, ಡಾಕ್ಟರ್ ದುಂಡಪ್ಪ. ಎರಡನೇ ಓದು, ಕುಮಾರಿ ಭಾಗ್ಯಜ್ಯೋತಿ. ಹಿರಿಯನೊಬ್ಬ ಕಿರಿಯಳದನ್ನು ನೋಡಿ ಬರೆಯುತ್ತಾನೆ ಎಂಬುದು ಅನಂತರಾಮುವಿನ ಲೋಕದಲ್ಲಿ ಇಲ್ಲವೇ ಇಲ್ಲ. ಗೂಬೆಯನ್ನು ಯಾರ ತಲೆಯ ಮೇಲೆ ಕೂರಿಸಬೇಕೆಂದು ಆ ಎರಡು ಕಾಲಂಗಳೇ ತೀರ್ಮಾನ ಮಾಡಿದ್ದವು. ನಿನ್ನೆ ಅವನು ಹೇಳುತ್ತಿದ್ದಾಗ ದುಂಡಪ್ಪ ಅಲ್ಲಗಳೆಯಲಿಲ್ಲ. ತಲೆಯಾಡಿಸಿದನೇ? ಆಡಿಸಿದ್ದ. ಹೊರಗೆ ಬಂದಾಗ ಭಾಗ್ಯಜ್ಯೋತಿ ಸ್ಲೈಡುಗಳನ್ನು ಒರೆಸುತ್ತಿದ್ದಳು. "ಕಾಗದದಾಗ ಏನ್ ಬಂದೈತ್ರಿ ಸರ್?" ಎಂದಳು. "ಏನಿಲ್ಲವಾ, ಮಾಮೂಲಿ" ಎಂದ. ಅವಳು ಗದಗಿನ ಕಡೆಯವಳು, ಇವನು ಬಾಗಲಕೋಟೆ ಕಡೆಯವನು. ಇಬ್ಬರೇ ಇದ್ದಾಗ ಊರಿನ ಮಾತು, ಅನಂತರಾಮು ಬಂದರೆ ಇಬ್ಬರ ನಾಲಿಗೆಯೂ ಬೆಂಗಳೂರಿನ ಕಡೆಗೆ ಹೊರಳುತ್ತಿತ್ತು. ಸುಳ್ಳನ್ನು ಊರಿನ ಮಾತಿನಲ್ಲಿ ಹೇಳಿದೆನಲ್ಲ ಎಂದು ರಾತ್ರಿಯಿಡೀ ಅವನಿಗೆ ಅನ್ನಿಸಿತ್ತು.

ಆಫೀಸು ಜಯನಗರದ ಹಳೆಯ ಮನೆಯೊಂದರ ಮಹಡಿ. ಮೆಟ್ಟಿಲು ಹತ್ತುವಾಗಲೇ ಅವನಿಗೆ ಗೊತ್ತಿತ್ತು, ಕೂತು ಯೋಚಿಸಿದರೆ ಹೇಳುವುದಿಲ್ಲ ಎಂದು. ಚೀಲವನ್ನೂ ಇಳಿಸದೆ ನೆಟ್ಟಗೆ ಅನಂತರಾಮುವಿನ ಕೋಣೆಗೆ ಹೋಗಿ ನಿಂತ. "ಅವಳಲ್ಲ ಸಾರ್, ನಾನು" ಎಂದ. ಅನಂತರಾಮು ಏನೆಂದು ತಿಳಿಯದೆ ನಕ್ಕ. "ನೋಡಿ ಬರೆದದ್ದು ನಾನು. ಮೊದಲು ಓದೋದು ಅವಳು. ನಾನು ಅವಳದು ನೋಡ್ಕೊಂಡು ಬರೀತಿದ್ದೆ."

ಅನಂತರಾಮು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಮರುಕವಿತ್ತು. "ಕೂತ್ಕೊಳ್ಳಿ ಸಾರ್. ನಂಗೆ ಅರ್ಥ ಆಗತ್ತೆ. ನಿಮ್ಮ ಕಡೆ ಹುಡ್ಗಿ, ಇಷ್ಟು ದೂರ ಬಂದು ಪಿ.ಜಿ.ಲಿದ್ದು ಕಷ್ಟ ಪಡ್ತಿದಾಳೆ. ನಿಮ್ಮದು ದೊಡ್ಡ ಮನಸ್ಸು. ಆದ್ರೆ ಅದಕ್ಕೋಸ್ಕರ ನೀವು ಇಲ್ಲದ್ದನ್ನ ಮೈಮೇಲೆ ಎಳ್ಕೊಂಡ್ರೆ ನಾನು ಒಪ್ಕೋಬೇಕಾ? ಮೂವತ್ತು ವರ್ಷದ ಸರ್ವಿಸ್ ಸಾರ್ ನಿಮ್ದು!"

"ನಿಜ ಹೇಳ್ತಿದೀನಿ."

"ಗೊತ್ತು ಬಿಡಿ. ನಿಮ್ಮಂಥೋರು ಇರೋದ್ರಿಂದಾನೇ ಡಿಪಾರ್ಟ್‌ಮೆಂಟ್ ನಡೀತಿರೋದು. ಹೋಗಿ, ಕಾಫಿ ಕುಡ್ಕೊಂಡು ಬನ್ನಿ."

ದುಂಡಪ್ಪ ನಿಜಕ್ಕೂ ಹೋದ. ರಸ್ತೆಯಾಚೆಯ ದರ್ಶಿನಿಯಲ್ಲಿ ಸಕ್ಕರೆಯಿಲ್ಲದ ಕಾಫಿ ಹಿಡಿದು ನಿಂತಾಗ ಅವನಿಗೆ ಸುಖವೆನ್ನಿಸಿತು. ಇದನ್ನು ಮುಚ್ಚಿಡುವುದೇಕೆ, ಬಹಳ ದಿನಗಳಿಂದ ಇರದಿದ್ದ ಸುಖ. ಹೇಳಿದ್ದಾಯಿತು. ನಂಬದಿದ್ದರೆ ನಾನೇನು ಮಾಡಲಿ? ಬಾಯಿಬಿಟ್ಟು, ಬೆಳಗಿನ ಹತ್ತು ಗಂಟೆಯಲ್ಲಿ, ಮೇಲಧಿಕಾರಿಯ ಎದುರು ಹೇಳಿದ್ದೇನೆ. ದೊಡ್ಡ ಮನಸ್ಸು ಅಂದ. ಅನ್ನಲಿ. ಪಕ್ಕದಲ್ಲಿ ಯಾರೋ ಇಬ್ಬರು ಸೈಟಿನ ವಿಷಯ ಮಾತಾಡುತ್ತಿದ್ದರು. ಕಾಫಿ ಬಿಸಿಯಾಗಿತ್ತು. ಅರ್ಧ ಕುಡಿಯುವಷ್ಟರಲ್ಲಿ ಆ ಸುಖದ ಅಡಿಯಲ್ಲಿ ಏನಿದೆಯೆಂದು ಅವನಿಗೆ ಕಾಣತೊಡಗಿತು. ನಿಜ ಹೇಳಿ ಅವನು ಒಳ್ಳೆಯವನಾಗಿದ್ದ. ಅವಳು ಮಾತ್ರ ಇದ್ದಲ್ಲೇ ಇದ್ದಳು. ಅಷ್ಟೇ ಅಲ್ಲ, ಈಗ ಅವಳು ಮೋಸ ಮಾಡಿದವಳೂ ಹೌದು, ಊರಿನ ಹಿರಿಯನೊಬ್ಬ ಕರುಣೆಯಿಂದ ಅಡ್ಡ ಬಂದರೂ ಉಳಿಯಲಾರದವಳೂ ಹೌದು. ಡ್ರಾಯರ್ ಎಳೆದು ಅವಳ ಸಂಖ್ಯೆ ತಗೊಂಡ ಹಾಗೆ ಇವತ್ತು ಅವಳ ಮಾನವನ್ನೂ ತಗೊಂಡು ತನ್ನ ಹೆಸರಿಗೆ ಬರೆದುಕೊಂಡಿದ್ದ. ಉಳಿದ ಕಾಫಿಯನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದ. ಆಟೋದವನೊಬ್ಬ ಬ್ರೇಕ್ ಹಾಕಿ, "ಕಣ್ ಕಾಣಲ್ವೇನ್ರೀ?" ಎಂದು ಕೂಗಿದ. ಕಾಣೋದಿಲ್ಲಪ್ಪ ಎಂದು ದುಂಡಪ್ಪ ಅವನಿಗೆ ನಿಜವಾಗಿಯೇ ಉತ್ತರ ಕೊಟ್ಟ.

ಅನಂತರಾಮುವನ್ನು ಪ್ರಯೋಗಾಲಯಕ್ಕೆ ಕರೆತರಲು ಸ್ವಲ್ಪ ಹೊತ್ತು ಹಿಡಿಯಿತು. ಭಾಗ್ಯಜ್ಯೋತಿ ಇಬ್ಬರನ್ನೂ ಒಟ್ಟಿಗೆ ನೋಡಿ ಎದ್ದು ನಿಂತಳು. "ಒಂದು ಸ್ಲೈಡ್ ಹಾಕಮ್ಮ, ಯಾವುದಾದ್ರೂ ಸರಿ" ಎಂದ ದುಂಡಪ್ಪ. ಅವಳು ಪೆಟ್ಟಿಗೆಯಿಂದ ಒಂದನ್ನು ತೆಗೆದು ಹಾಕಿ, ದೀಪ ಹೊತ್ತಿಸಿ ಪಕ್ಕಕ್ಕೆ ಸರಿದಳು. ಅವನು ಕೂತ. ಎಷ್ಟು ಸಾವಿರ ಸಲ ಹೀಗೆ ಕೂತಿದ್ದನೋ, ಕುರ್ಚಿಯಲ್ಲಿ ಅವನ ಬೆನ್ನಿನ ಗುರುತೇ ಬಿದ್ದಿತ್ತು. ಕೆಳಗೆ ಬೂದು ಬೆಳಕಿನ ಒಂದು ಬಿಲ್ಲೆ, ನಡುವೆ ಕಪ್ಪು ಕಲೆ, ಸುತ್ತ ಮಂಜು. ಸ್ಲೈಡಿನ ಮೇಲೆ ಮೀನಿನ ಉದ್ದ ದಪ್ಪಗೆ ಬರೆದಿತ್ತು, ಎಂಟು ಸೆಂಟಿಮೀಟರ್. ಎಂಟಕ್ಕೆ ಅರವತ್ತು ಅರವತ್ತೈದು ದಿನ ಎಂದು ಮೂವತ್ತು ವರ್ಷದ ಅನುಭವ ಒಳಗಿಂದ ಹೇಳಿತು. ಅರವತ್ತೆರಡು ಎಂದರೆ ಸಾಕಿತ್ತು. ಅನಂತರಾಮುವಿಗೆ ಸಮಾಧಾನವಾಗುತ್ತಿತ್ತು, ನಾಲ್ಕು ಗಂಟೆಗೆ ಫ್ಯಾಕ್ಸ್ ಹೋಗುತ್ತಿತ್ತು, ನಾಲ್ಕು ವರ್ಷ ಹೇಗೋ ಕಳೆಯುತ್ತಿತ್ತು. ಅವನು ತಿರುಪು ಹಿಂದಕ್ಕೆ ಮುಂದಕ್ಕೆ ಆಡಿಸಿದ. ಮಂಜು ದಪ್ಪವಾಯಿತು, ತೆಳುವಾಯಿತು, ಎಲ್ಲಿಯೂ ಗೆರೆಯಾಗಲಿಲ್ಲ. ಹಿಂದೆ ನಿಂತಿದ್ದ ಇಬ್ಬರ ಉಸಿರೂ ಕೇಳಿಸುತ್ತಿತ್ತು.

"ಅಂದಾಜಿಗೆ ಒಂದು ಸಂಖ್ಯೆ ಹೇಳಬಹುದು ಸಾರ್. ಆದ್ರೆ ನಂಗೆ ಕಾಣಿಸ್ತಿಲ್ಲ. ಒಂದು ಉಂಗುರಾನೂ ಕಾಣಿಸ್ತಿಲ್ಲ. ದೀಪಾವಳಿಯಿಂದ ಹಿಂಗೇ."

ಅನಂತರಾಮು ಬಗ್ಗಿ ತಾನೂ ಒಮ್ಮೆ ನೋಡಿದ. ಅವನು ಓದುಗನಲ್ಲ, ಆದರೂ ಅಲ್ಲಿ ಉಂಗುರಗಳಿವೆ ಎಂದು ಅವನಿಗೂ ಕಂಡಿತು. ನೆಟ್ಟಗಾದಾಗ ಅವನ ಮುಖದಲ್ಲಿ ಬೆಳಗಿನ ಮರುಕವೇ ಇತ್ತು, ಆದರೆ ಅದರಲ್ಲಿ ಗೌರವ ಇರಲಿಲ್ಲ. "ಕಣ್ಣು ತೋರಿಸ್ಕೋಬೇಕಿತ್ತು ಸಾರ್" ಎಂದ. "ತೋರಿಸಿದೀನಿ" ಎಂದ ದುಂಡಪ್ಪ. ಅನಂತರಾಮು, "ಆಯ್ತು, ನಾನು ಗಿರಿಜಾದೇವಿ ಮೇಡಂಗೆ ಫೋನ್ ಮಾಡ್ತೀನಿ. ನೀವು ಬೇರೆ ಲೆಟರ್ ಬರ್ಕೊಡಿ. ಈಗ ಹೇಳಿದ್ದೇ ಬರೀರಿ" ಎಂದು, ಅವನ ಕಡೆಗೆ ನೋಡದೆ ಹೊರಟುಹೋದ. ಅಷ್ಟು ಸಲೀಸಾಗಿ ಮುಗಿಯಿತು. ಒಂಬತ್ತು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ಹೆದರಿದ್ದು ಇಷ್ಟಕ್ಕೇ ಏನು ಎಂದು ದುಂಡಪ್ಪನಿಗೆ ಅನ್ನಿಸಿತು.

ಭಾಗ್ಯಜ್ಯೋತಿ ಸೂಕ್ಷ್ಮದರ್ಶಕದ ದೀಪ ಆರಿಸಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಅವನು ಆಗ ಗಮನಿಸಿದ.

"ನಿನಗ ಗೊತ್ತಿತ್ತೇನವಾ?"

"ಗೊತ್ತಿತ್ರಿ ಸರ್. ಮಾರ್ಚ್ ತಿಂಗಳಿಂದ." ಅವಳು ನಿಂತೇ ಇದ್ದಳು. "ಒಂದ ಶೀಟಿನ್ಯಾಗ ನಾನು ಸಾಲು ತಪ್ಪಿ ಬರದಿದ್ದೆ. ಒಂಬತ್ತನೇ ಮೀನಿಂದು ಹತ್ತಕ್ಕ, ಹತ್ತರದು ಹನ್ನೊಂದಕ್ಕ, ಹಿಂಗ ಎಂಟು ಮೀನು. ಆಮ್ಯಾಲ ಗೊತ್ತಾಗಿ ತಿದ್ದಾಕ ಡ್ರಾಯರ್ ತೆಗದ್ರ ನಿಮ್ಮ ಶೀಟೂ ಅಲ್ಲೇ ಇತ್ತು, ನೀವೂ ಎಂಟಕ್ಕ ಎಂಟೂ ನನ್ನಂಗ ಬರದಿದ್ರಿ. ನಂದು ತಿದ್ದಿ ಡ್ರಾಯರಿನ್ಯಾಗ ಇಟ್ಟೆ. ಮರುದಿನ ನೀವೂ ತಿದ್ದಿದ್ರಿ."

ಅವನಿಗೆ ಆ ಶೀಟು ನೆನಪಿತ್ತು. ಅವಳು ತಿದ್ದಿದ್ದನ್ನು ಕಂಡು, ಎಂಥ ಜಾಗರೂಕ ಹುಡುಗಿ ಎಂದು ಮೆಚ್ಚಿ, ಬೇರೆ ಶಾಯಿಯ ಪೆನ್ನು ಹುಡುಕಿ ತಾನೂ ತಿದ್ದಿದ್ದ. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಎನ್ನಿಸಿತು. "ಮತ್ಯಾಕ ಸುಮ್ಮನಿದ್ದಿ?" ಎಂದ.

"ಕೆಲಸ ಕಲಿಸಿದವರು ನೀವು. ನಾ ಹೆಂಗ ಕೇಳೂದ್ರಿ?" ಎಂದಳು. ಆಮೇಲೆ ಸ್ವಲ್ಪ ಗಟ್ಟಿಯಾಗಿಯೇ, "ನಿನ್ನಿ ನೀವು ಮಾಮೂಲಿ ಅಂದ್ರಲ್ಲಾ, ಸುಳ್ಳು ಅಂತ ಗೊತ್ತಿತ್ತು. ಟೈಪ್ ಮಾಡೂ ಮೇಡಂ ಎಲ್ಲಾ ಹೇಳಿದ್ರು. ಇವತ್ತು ನಾಕ್ ಗಂಟೆ ತನಕಾ ನೋಡೂಣು, ನೀವು ಹೇಳದಿದ್ರ ನಾನ ಹೋಗಿ ಇದನ್ನ ತೋರಿಸೂಣು ಅಂತ ಕುಂತಿದ್ದೆ" ಎಂದು ತನ್ನ ಬ್ಯಾಗಿನಿಂದ ಉದ್ದನೆಯ ನೋಟ್‌ಬುಕ್ಕೊಂದನ್ನು ತೆಗೆದು ಅವನ ಮುಂದಿಟ್ಟಳು. ಅವನು ತೆರೆದ. ದಪ್ಪ ಗೆರೆಗಳು ಕಂಡವು, ಪೆನ್ಸಿಲಿನಲ್ಲಿ ಸಣ್ಣಗೆ ಬರೆದ ಅಂಕಿಗಳು ಕಾಣಲಿಲ್ಲ. ಏನಿದು ಎಂದು ಕೇಳಬೇಕಾಯಿತು.

"ಹಿಂದ ಯಾರೂ ನೋಡವರಿಲ್ಲ ಅಂತ ಗೊತ್ತಾದ ಮ್ಯಾಲ ನನಗ ಹೆದರಿಕಿ ಆತ್ರಿ. ನಾ ತಪ್ಪಿದ್ರ ತಪ್ಪೇ ಹೋಗ್ತದಲ್ಲ ಅಂತ. ಅದಕ್ಕ ಎಲ್ಲಾ ಕಲ್ಲೂ ಮತ್ತೊಮ್ಮೆ ಓದೀನಿ. ಒಂದೊಂದಕ್ಕೂ ಹದಿನೈದು ದಿನ ಬಿಟ್ಟು, ಮೊದಲಿಂದು ನೋಡದಂಗ. ಆರುನೂರಾ ನಲವತ್ತೂ ಆಗ್ಯಾವು. ನಿಮ್ಮ ಪಾಲಿಂದೂ ನಾನ ಓದೀನ್ರಿ ಸರ್."

ಅನಂತರಾಮು ಒಳಗೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದುದು ಕೇಳುತ್ತಿತ್ತು. ದುಂಡಪ್ಪನ ಕೈ ಆ ಪುಟದ ಮೇಲೇ ಇತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದ. ಅದನ್ನು ಕೇಳಿ ಈ ಹುಡುಗಿ, ಇರಲಿ ಬಿಡ್ರಿ ಸರ್ ಎನ್ನುತ್ತಾಳೆ, ಮತ್ತೆ ತನಗೆ ಹಗುರವಾಗುತ್ತದೆ ಎಂದು ತಿಳಿದು ಬಾಯಿ ಮುಚ್ಚಿದ. ಒಂಬತ್ತು ತಿಂಗಳಿಂದ ಕೇಳಬೇಕಿದ್ದ ಮಾತು ಬೇರೆಯೇ ಇತ್ತು.

"ಮೊದಲಿನ ಓದಿಗೂ ಇದಕ್ಕೂ ಎಷ್ಟು ಹೊಂದ್ಯಾವು?"

ಇಷ್ಟು ಹೊತ್ತು ಗಟ್ಟಿಯಾಗಿದ್ದವಳ ದನಿ ಈಗ ಮೊದಲ ಸಲ ಅಳುಕಿತು. "ಎಂಬತ್ತೊಂದ್ರಿ ಸರ್. ನೂರಕ್ಕ ಎಂಬತ್ತೊಂದ ಬಂದಾವು. ಕಡಿಮಿ ಆತಲ್ರಿ?"

"ಇಲ್ಲ," ಎಂದ ದುಂಡಪ್ಪ. "ನಿಜವಾಗಿ ಓದಿದ್ರ ಅಷ್ಟ ಬರೂದು."

ಭಾಗ್ಯಜ್ಯೋತಿ ಕುರ್ಚಿ ಎಳೆದುಕೊಂಡು ಕೂತಳು, ಮೇಜಿಗೆ ಮೊಣಕೈಯೂರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಸದ್ದಿಲ್ಲದೆ, ಬಹಳ ಹೊತ್ತು ಅತ್ತಳು.